ಸಕ್ಕರೆಯ ಅಜ್ಜಿ

ಹದಿನೇಳು ವರ್ಷಗಳಿಂದ ಆ ಬೇಕರಿಯ ಕೇಕುಗಳ ಮೇಲಿನ ಅಕ್ಷರವೆಲ್ಲ ದೊಡ್ಡ ಸೊಸೆಯದೇ. ಮಾವ ಓವನ್ ನೋಡಿಕೊಳ್ಳುತ್ತಿದ್ದರು, ಗಂಡ ಗಾಡಿಯಲ್ಲಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕಿ ಬರುತ್ತಿದ್ದ, ಮೈದುನ ಗಲ್ಲಾದಲ್ಲಿ ಕೂರುತ್ತಿದ್ದ. ಹಿಂದಿನ ಕೋಣೆಯ ಕಿಟಕಿ ಪಕ್ಕದ ಕಲ್ಲುಮೇಜು ಮಾತ್ರ ಅವಳ ರಾಜ್ಯ. ಕ್ರೀಮ್ ತುಂಬಿದ ಕೋನ್ ಹಿಡಿದು ಉಸಿರು ಬಿಗಿಹಿಡಿದಳೆಂದರೆ ‘ಹುಟ್ಟುಹಬ್ಬದ ಶುಭಾಶಯಗಳು’ ಒತ್ತಿಗೆ ಒತ್ತು ತಾಗದಂತೆ ದುಂಡಗೆ ಇಳಿದುಬಿಡುತ್ತಿತ್ತು. ಹೂವೆಂದರೆ ಅವಳಿಗೆ ಗುಲಾಬಿ ಒಂದೇ. ಅದೂ ಸ್ವಲ್ಪ ಎಲೆಕೋಸಿನ ಹಾಗೆ ಕಾಣುತ್ತಿತ್ತು. ಹಾಗೆಂದು ಯಾರೂ ಅವಳೆದುರು ಅಂದಿರಲಿಲ್ಲ.

ಮೈದುನನಿಗೆ ಮದುವೆಯಾಗಿ ಓರಗಿತ್ತಿ ಬಂದಳು. ಮೊದಲ ತಿಂಗಳು ಟ್ರೇ ತೊಳೆದಳು, ಎರಡನೆಯ ತಿಂಗಳು ಕ್ರೀಮ್ ಕಡೆದಳು. ಮೂರನೆಯ ತಿಂಗಳಲ್ಲಿ, ಕೆಲಸ ಬಿಡುತ್ತಿದ್ದ ಮುದುಕ ದರ್ಜಿಯೊಬ್ಬನಿಗೆ ಕೇಕ್ ಬೇಕೆಂದು ಅವನ ಶಿಷ್ಯರು ಬಂದಾಗ, “ನಾನೊಂದು ಕೈ ನೋಡ್ತೀನಿ ಮಾವ” ಅಂದಳು.

ಎರಡು ದಿನ ಬಾಗಿಲು ಹಾಕಿಕೊಂಡು ಅವಳು ಮಾಡಿದ್ದು ಹೊಲಿಗೆ ಯಂತ್ರವನ್ನು. ಕಪ್ಪು ಮೈ, ಅದರ ಮೇಲೆ ಚಿನ್ನದ ಬಣ್ಣದ ಬಳ್ಳಿ, ಪಕ್ಕದಲ್ಲಿ ಚಕ್ರ, ಸೂಜಿಯ ಕೆಳಗಿಂದ ಅರ್ಧ ಹೊಲಿದ ನೀಲಿ ಬಟ್ಟೆ ಮಡಿಕೆ ಮಡಿಕೆಯಾಗಿ ಜಾರಿ ಬಂದಿತ್ತು. ಎಲ್ಲವೂ ನಾದಿದ ಸಕ್ಕರೆ ಹಿಟ್ಟು. ದರ್ಜಿ ಬಂದವನು ಅಭ್ಯಾಸಬಲದಿಂದ ಚಕ್ರ ತಿರುಗಿಸಲು ಕೈ ಚಾಚಿದ. ತಟ್ಟನೆ ಕೈ ಹಿಂದಕ್ಕೆಳೆದುಕೊಂಡು ಕಣ್ಣೊರೆಸಿಕೊಂಡ. ಬೇಕರಿಯಲ್ಲಿದ್ದವರೆಲ್ಲ ಫೋನ್ ತೆಗೆದರು.

ದೊಡ್ಡ ಸೊಸೆಯೂ ಹತ್ತಿರ ಬಗ್ಗಿ ನೋಡಿದಳು. ಅವಳು ನೋಡಿದ್ದು ಮೊಸರಲ್ಲಿ ಕಲ್ಲು ಹುಡುಕುವುದಕ್ಕೆ. ಸಿಕ್ಕಿತು ಕೂಡ. ಯಂತ್ರದ ಪಕ್ಕ ಸುರುಳಿ ಬಿಚ್ಚಿದ್ದ ಅಳತೆಪಟ್ಟಿಯಲ್ಲಿ ಹದಿನೇಳಾದ ಮೇಲೆ ನೇರವಾಗಿ ಹತ್ತೊಂಬತ್ತಿತ್ತು. ಆ ಕಾಣೆಯಾದ ಹದಿನೆಂಟನ್ನು ಅವಳು ಯಾರಿಗೂ ಹೇಳದೆ ನಿಧಿಯಂತೆ ಎದೆಯೊಳಗಿಟ್ಟುಕೊಂಡು ಒಂದು ವಾರ ಬದುಕಿದಳು.

ಆಮೇಲೆ ಅದೂ ಸಾಲದಾಯಿತು. ಬಂದವರೆಲ್ಲ “ಆ ಮೆಷಿನ್ ಮಾಡಿದೋರು ಇದ್ದಾರಾ?” ಎಂದು ಕೇಳುವವರೇ. ಗಂಡ ಕೂಡ ಬ್ರೆಡ್ ಹಾಕುವ ಅಂಗಡಿಗಳಲ್ಲೆಲ್ಲ “ನಮ್ಮನೆ ಹುಡುಗಿ ಕೈಚಳಕ ನೋಡಿ” ಎಂದು ಫೋನ್ ತೋರಿಸಿ ಬರುತ್ತಿದ್ದ.

“ನನ್ನ ಕೇಕಿನ ಫೋಟೋ ಎಷ್ಟಿದೆ ಅದ್ರಲ್ಲಿ?” ಎಂದು ಒಂದು ದಿನ ಕೇಳಿಯೇಬಿಟ್ಟಳು.

ಅವನು ಬೆರಳಾಡಿಸಿದ, ಆಡಿಸಿದ, ಕೊನೆಗೊಂದು ಸಿಕ್ಕಿತು. ಯಾರದೋ ಹುಟ್ಟುಹಬ್ಬ. ಕೇಕ್ ಆಗಲೇ ಮುಕ್ಕಾಲು ಖಾಲಿಯಾಗಿ ‘ಗಳು’ ಅಷ್ಟೇ ಉಳಿದಿತ್ತು.

ಇಷ್ಟಾದರೂ ಅಕ್ಷರ ತನ್ನದೆಂಬ ಧೈರ್ಯವಿತ್ತು. ಓರಗಿತ್ತಿಯ ಬರಹ ಕಾಗೆ ಕಾಲು, ಗುಬ್ಬಿ ಕಾಲು. ಆದರೆ ಒಂದು ಬೆಳಿಗ್ಗೆ ಮಾವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ, “ದೊಡ್ಡವಳೇ, ಇವತ್ತಿಂದ ಅಕ್ಷರಾನೂ ಚಿಕ್ಕವಳೇ ಬರೀಲಿ. ಕೈ ಪಳಗಲಿ. ನೀನು ಆರ್ಡರ್ ಚೀಟಿ, ಪ್ಯಾಕಿಂಗ್ ನೋಡ್ಕೊ, ಸ್ವಲ್ಪ ಆರಾಮಾಗಿರ್ತೀಯ” ಅಂದರು. ಮಾವ ಒಳ್ಳೆಯದಕ್ಕೇ ಹೇಳಿದ್ದು. ಅವಳು ಮಾತ್ರ ಕೋನನ್ನು ಮೇಜಿನ ಮೇಲೆ ಕುಕ್ಕಿ ಚೀಟಿಪುಸ್ತಕ ಎಳೆದುಕೊಂಡಳು.

ಅದೇ ದಿನ ಒಬ್ಬ ಹೆಂಗಸು ಫೋನ್ ಮಾಡಿದಳು. “ನಾಳೆ ನಮ್ಮಮ್ಮನಿಗೆ ಎಂಬತ್ತು ತುಂಬತ್ತೆ. ‘ಅಕ್ಕರೆಯ ಅಜ್ಜಿಗೆ’ ಅಂತ ಬರೀರಿ, ಮೊಮ್ಮಕ್ಕಳ ಕಡೆಯಿಂದ. ಅಮ್ಮನಿಗೆ ಶುಗರ್ ಇದೆ, ಸಕ್ಕರೆ ಆದಷ್ಟು ಕಮ್ಮಿ ಹಾಕಿ.” ದೊಡ್ಡ ಸೊಸೆ ಸಿಟ್ಟಿನಲ್ಲೇ ಚೀಟಿ ಗೀಚಿದಳು. ಅಕ್ಷರಕ್ಕೇ ಹೆಸರಾದವಳ ‘ಅ’ ಅಂದು ಅತ್ತ ‘ಅ’ವೂ ಅಲ್ಲ, ಇತ್ತ ‘ಸ’ವೂ ಅಲ್ಲ ಎಂಬಂತಾಯಿತು.

ಮರುದಿನ ಓರಗಿತ್ತಿ ಕೇಕಿನ ಸುತ್ತ ಮಲ್ಲಿಗೆ ಮೊಗ್ಗು ಪೋಣಿಸಿದಂತೆ ಅಂಚು ಕಟ್ಟಿದಳು. ಆಮೇಲೆ ಕೋನ್ ಹಿಡಿದು, ಚೀಟಿಯನ್ನು ಬೆಳಕಿಗೊಡ್ಡಿ, “ಅಕ್ಕ, ಇದು ‘ಸಕ್ಕರೆಯ ಅಜ್ಜಿಗೆ’ ಅಂತಲಾ?” ಎಂದು ಕೇಳಿದಳು.

ದೊಡ್ಡ ಸೊಸೆ ಡಬ್ಬಿ ಮಡಚುತ್ತಿದ್ದಳು. ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಅವಳು ಡಬ್ಬಿಯ ಇನ್ನೊಂದು ಮಡಿಕೆ ಒತ್ತಿದಳು.

“ಚೀಟೀಲಿ ಹೆಂಗಿದ್ಯೋ ಹಂಗೆ ಬರಿ.”

ಬರೆದದ್ದಾಯಿತು. ಡಬ್ಬಿಗಿಟ್ಟು ಮುಚ್ಚಳ ಹಾಕಿ ರಿಬ್ಬನ್ ಕಟ್ಟಿದವಳೂ ದೊಡ್ಡ ಸೊಸೆಯೇ. ಮುಚ್ಚುವ ಮೊದಲು ‘ಸಕ್ಕರೆಯ ಅಜ್ಜಿಗೆ’ ಎಂಬುದನ್ನು ಎರಡು ಸಲ ಓದಿದಳು.

ಸಂಜೆ ಆ ಹೆಂಗಸು ಬಂದಳು. ಬಾಗಿಲಲ್ಲೇ ಶುರುಮಾಡಿದಳು. “ಯಾರ್ರೀ ಬರೆದದ್ದು? ಹನ್ನೆರಡು ವರ್ಷದಿಂದ ನಮ್ಮಮ್ಮ ಬಾಯಿ ಕಟ್ಟಿ ಬದುಕ್ತಿದ್ದಾರೆ. ಅವರ ಕೇಕಿನ ಮೇಲೆ ಸಕ್ಕರೆಯ ಅಜ್ಜಿ! ಬಂದೋರೆಲ್ಲ ಬಿದ್ದು ಬಿದ್ದು ನಕ್ಕರು. ಅಮ್ಮ ಎದ್ದುಹೋಗಿ ಕೋಣೆ ಬಾಗಿಲು ಹಾಕ್ಕೊಂಡ್ರು. ಇನ್ನೂ ತೆಗೆದಿಲ್ಲ.”

ಮಾವನ ಮುಖ ಕೆಂಪಾಯಿತು. ಗಿರಾಕಿಗಳ ಎದುರೇ ಚಿಕ್ಕ ಸೊಸೆಯನ್ನು ಕರೆದು, “ಕಣ್ಣು ಎಲ್ಲಿಟ್ಕೊಂಡಿದ್ದೆ? ಗೊತ್ತಾಗದಿದ್ರೆ ಕೇಳೋಕೆ ಬಾಯಿ ಇರಲಿಲ್ವಾ?” ಎಂದು ಗದರಿದರು.

ಕೇಳಿದ್ದೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸಲ ದೊಡ್ಡ ಸೊಸೆಯ ಕಡೆ ನೋಡಿ ತಲೆ ತಗ್ಗಿಸಿದಳು.

ಸುಳ್ಳೇಕೆ, ದೊಡ್ಡ ಸೊಸೆಗೆ ಆ ಗಳಿಗೆಯಲ್ಲಿ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ. ಕೋಣೆ ಬಾಗಿಲು ಹಾಕಿಕೊಂಡ ಆ ಮುದುಕಿಯನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗಾಗಿತ್ತು. ಜ್ವರ ತನ್ನದು, ಬರೆ ಬಿದ್ದದ್ದು ಹೆಸರೂ ಗೊತ್ತಿಲ್ಲದ ಎಂಬತ್ತರ ಜೀವಕ್ಕೆ.

ಬೆಳಿಗ್ಗೆ ಕ್ಷಮೆ ಕೇಳಿ ಬಾ ಎಂದು ಮಾವ ಚಿಕ್ಕವಳನ್ನು ಕಳಿಸಿದರು. ಅವಳು ಚಪ್ಪಲಿ ಮೆಟ್ಟುವಾಗ ದೊಡ್ಡವಳೂ ಏಪ್ರನ್ ಬಿಚ್ಚಿ, “ತಡಿ, ನಾನೂ ಬರ್ತೀನಿ” ಅಂದಳು.

ಅಜ್ಜಿ ಜಗಲಿಯ ಮೇಲೆ ಬಟಾಣಿ ಬಿಡಿಸುತ್ತ ಕೂತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ. ಚಿಕ್ಕವಳು “ತಪ್ಪಾಯ್ತು ಅಜ್ಜಿ” ಎನ್ನುವಷ್ಟರಲ್ಲಿ ದೊಡ್ಡವಳು ನಡುವೆ ಬಾಯಿ ಹಾಕಿದಳು.

“ತಪ್ಪು ಇವಳದಲ್ಲ, ನನ್ನದು. ಏನು ಬರೀಬೇಕು ಅಂತ ಇವಳು ನನ್ನ ಕೇಳಿದ್ಲು. ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ.”

“ಯಾಕೆ?”

“ಹೊಟ್ಟೆಕಿಚ್ಚು ಅಜ್ಜಿ. ಇವಳಿಗೊಂದ್ಸಲ ಮಾವ ಬೈಲಿ ಅಂತ ಇತ್ತು.”

ಅಜ್ಜಿ ಕೈಯಲ್ಲಿದ್ದ ಬಟಾಣಿ ಕಾಯಿ ಕೆಳಗಿಟ್ಟರು. ಇವಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. “ನಿಮ್ಮ ಮನೆ ಜಗಳಕ್ಕೆ ನನ್ನ ಕೇಕೇ ಬೇಕಿತ್ತೇನ್ರೇ?” ಅಂದರು.

“ಅವರು ನಕ್ಕಿದ್ದಕ್ಕಲ್ಲ ನಾನು ಎದ್ದುಹೋಗಿದ್ದು” ಎಂದು ಅಜ್ಜಿ ಮುಂದುವರಿಸಿದರು. “ನಗೋ ಗಲಾಟೇಲಿ ಎಲ್ಲರೂ ತಿಂದು ಮುಗಿಸಿದ್ರು. ನನಗೊಂದು ಚೂರು ಇಡಬೇಕು ಅಂತ ಒಬ್ಬರಿಗೂ ನೆನಪಾಗಲಿಲ್ಲ. ಹೋಗಿ, ಇನ್ನೊಂದು ಮಾಡ್ಕೊಂಡು ಬನ್ನಿ. ಚಿಕ್ಕದು ಸಾಕು. ಮೇಲೆ ಏನೂ ಬರೀಬೇಡಿ ಮಹಾತಾಯಂದಿರಾ.”

ವಾಪಸು ಬರುವಾಗ ಬೀದಿಯ ತಿರುವಿನಲ್ಲಿ ಓರಗಿತ್ತಿ ನಿಂತಳು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ನೀವು ಬೇಕಂತಲೇ ಮಾಡಿದ್ದು ನಂಗೆ ನಿನ್ನೇನೇ ಗೊತ್ತಾಯ್ತು ಅಕ್ಕ. ಅಷ್ಟು ಜನರೆದುರು ಬೈಸಿಕೊಂಡಿದ್ದೀನಿ, ಅದನ್ನ ನಾನು ಬೇಗ ಮರೆಯೋಳಲ್ಲ. ಮಾವನಿಗೆ ನಾನು ಹೇಳಲ್ಲ. ನೀವೇ ಹೇಳಬೇಕು.”

ದೊಡ್ಡವಳು ಹೇಳಿದಳು. ಮಾವ ಓವನ್ನಿನ ಬಾಗಿಲು ಮುಚ್ಚಿ ಅವಳ ಕಡೆ ತಿರುಗಿದರು. “ಅಕ್ಷರ ನಿನ್ನಿಂದ ಕಿತ್ಕೊಂಡಿದ್ದು ನಂದೂ ತಪ್ಪೇ. ಆದ್ರೆ ಅದನ್ನ ನನ್ನ ಹತ್ರ ಹೇಳಬೇಕಿತ್ತು, ಅವಳ ತಲೆ ಮೇಲೆ ತೀರಿಸಬಾರದಿತ್ತು” ಅಂದರು.

ಅಕ್ಷರ ಮತ್ತೆ ಅವಳ ಕೈಗೆ ಬಂತು. ಚಿಕ್ಕವಳ ಮಾತು ಮಾತ್ರ ಬರಲಿಲ್ಲ. ತಿಂಗಳೊಪ್ಪತ್ತು, ದೊಡ್ಡವಳು ಒಳಗೆ ಬಂದರೆ ಸಾಕು, ಅವಳು ತನ್ನ ಕೆಲಸದ ಮೇಲೆ ಟ್ರೇ ಮುಚ್ಚಿಬಿಡುತ್ತಿದ್ದಳು. ದೊಡ್ಡವಳು ಅದನ್ನು ಸಹಿಸಿಕೊಂಡಳು. ಕ್ರೀಮ್ ಬೇಕಾದಾಗ ಕೇಳದೆಯೇ ಕಡೆದಿಟ್ಟಳು.

ಆಮೇಲೊಂದು ಮಧ್ಯಾಹ್ನ ಟ್ರೇ ಮುಚ್ಚಿರಲಿಲ್ಲ. ಮೇಜಿನ ಮೇಲೊಂದು ಕೇಕಿತ್ತು. ಒಣಗಿದ ಮರದ ಕೊಂಬೆ, ಅದರಲ್ಲಿ ಗೂಡು, ಗೂಡಿನ ಅಂಚಿನಲ್ಲಿ ಇನ್ನೇನು ಹಾರುವ ಹಕ್ಕಿ. ಒಂದೊಂದು ಗರಿಯೂ ಬೇರೆ ಬೇರೆ. ದೊಡ್ಡವಳು ಸುತ್ತಿ ಸುತ್ತಿ ನೋಡಿದಳು. ಈ ಸಲ ಒಂದು ತಪ್ಪೂ ಸಿಗಲಿಲ್ಲ.

“ಹೆಂಗಿದೆ?” ಎಂದು ಚಿಕ್ಕವಳು ಬೆನ್ನು ತಿರುಗಿಸಿಕೊಂಡೇ ಕೇಳಿದಳು.

“ಚೆನ್ನಾಗಿದೆ ಕಣೇ. ಹೊಟ್ಟೆ ಧಗಧಗ ಅಂತ ಉರೀತಿದೆ.”

ಚಿಕ್ಕವಳ ಭುಜ ಅಲುಗಿತು. ನಗುತ್ತಿದ್ದಳು. “ಉರೀಲಿ ಬಿಡಿ,” ಅಂದಳು, “ಬನ್ನಿ, ಇದರ ಮೇಲೆ ಏನೋ ಬರೀಬೇಕಂತೆ. ಚೀಟಿ ಇಲ್ಲಿದೆ. ನೀವೇ ಓದ್ಕೊಳ್ಳಿ.”