ಗಾರೆ ಹಾಕದ ಮಾಡು

ಹಂಚಿನ ಮಾಡಿನ ಮೇಲಿದ್ದಾಗ ದೇವರ ಭಯ, ಕೆಳಗಿಳಿದರೆ ಹೆಂಡತಿ ಹಲೀಮಾಳ ಭಯ. ಇವೆರಡನ್ನು ಬಿಟ್ಟು ಮೂರನೆಯ ಭಯವೊಂದು ಲೋಕದಲ್ಲಿದೆ ಎಂದು ಮೊಯಿದಿನ್‌ಗೆ ಗೊತ್ತಾದದ್ದು ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಕಾಮರಿನಿಂದ ಬಂದ ಒಂದು ಹಳದಿ ಕಾಗದದಿಂದ. ಕಾಮರ್ ಎಂದರೆ ಕಸುಬುದಾರರ ಮಂಡಳಿ. ಬಹರೈನಿನಲ್ಲಿ ಗಡ್ಡ ಬೋಳಿಸುವವನಿಂದ ಹಿಡಿದು ಮಾಡಿಗೆ ಹಂಚು ಹೊದಿಸುವವನವರೆಗೆ ಎಲ್ಲರ ಜುಟ್ಟೂ ಅದರ ಕೈಯಲ್ಲಿತ್ತು. ಕಾಗದ ಹೇಳಿದ್ದು ಇಷ್ಟೇ: ಆಳಿಗೆ ದ್ವೀಪದಲ್ಲಿರಲು ಕೊಟ್ಟ ಬತಾಕಾ ಚೀಟಿ ಐವತ್ತೈದಕ್ಕೆ ಖಲಾಸ್, ಆಮೇಲೆ ಗಂಟುಮೂಟೆ ಕಟ್ಟಿ ಊರಿಗೆ ಹೊರಡಬೇಕು, ಮೈಸ್ಟರ್ ಪತ್ರ, ಅಂದರೆ ಕಸುಬಿನ ಗುರು ಎಂಬ ಸರ್ಟಿಫಿಕೇಟು, ಇದ್ದವನು ಮಾತ್ರ ಸಾಯುವ ತನಕ ದ್ವೀಪದಲ್ಲಿ ಇರಬಹುದು. ಮೊಯಿದಿನ್ ಮೈಸ್ಟರ್ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಬರವಣಿಗೆಯಲ್ಲಿ ಡುಮ್ಕಿ ಹೊಡೆದಿದ್ದ. ಮೂರನೆಯ ಸಲ ಮಗಳು ಫಿದಾ ಕಿವಿ ಹಿಂಡಿ ಓದಿಸಿದ್ದರಿಂದ ಬರವಣಿಗೆ ಪಾಸಾಗಿತ್ತು. ಇನ್ನು ಉಳಿದದ್ದು ಕೈಕೆಲಸದ ಪರೀಕ್ಷೆ. ಅದರಲ್ಲಿ ಬಿದ್ದರೆ ನಾಲ್ಕನೆಯ ಸಲ ಎಂಬುದಿಲ್ಲ.

ಬಹರೈನ್ ಜರ್ಮನರದ್ದಾಗಿ ಆಗಲೇ ಹತ್ತಿರ ಹತ್ತಿರ ನೂರು ವರ್ಷ. ಸಾವಿರದ ಒಂಬೈನೂರ ಹದಿಮೂರರಲ್ಲಿ ಇಂಗ್ಲಿಷರು ಆಫ್ರಿಕಾದ ಒಂದು ತುಂಡು ನೆಲ ಇಸಕೊಂಡು ಈ ದ್ವೀಪವನ್ನು ಜರ್ಮನರಿಗೆ ಬಿಟ್ಟುಕೊಟ್ಟರು. ಮರುವರ್ಷ ಆಗಿಯೇ ಬಿಡುತ್ತದೆ ಎಂದು ಎಲ್ಲರೂ ಹೆದರಿದ್ದ ಮಹಾಯುದ್ಧ ಆಗಲಿಲ್ಲ. ಕೊಟ್ಟದ್ದು ಕೊಟ್ಟ ಹಾಗೆಯೇ ಉಳಿಯಿತು. ಜರ್ಮನರಿಗೆ ಮಂಗಳೂರು ಮೊದಲೇ ಪರಿಚಯ, ಅಲ್ಲಿ ಅವರ ಮಿಶನ್ನಿನ ಹಂಚಿನ ಕಾರ್ಖಾನೆ ಇತ್ತಲ್ಲ. ಮರಳುಗಾಡಿನ ನಡುವೆ ಕಟ್ಟಿದ ಕಚೇರಿ, ಠಾಣೆ, ಅಂಚೆಮನೆ ಎಲ್ಲದಕ್ಕೂ ಮಂಗಳೂರು ಹಂಚೇ ಬೇಕು ಎಂದು ಹಟ ಹಿಡಿದರು. ಹಂಚಿನ ಜೊತೆ ಹಂಚು ಹೊದಿಸುವವರೂ ಹಡಗು ಹತ್ತಿದರು. ಹಾಗೆ ಬಂದವರ ಮೂರನೆಯ ತಲೆಮಾರು ಈಗ ಗುದೈಬಿಯಾದ ಹಳೇ ಫ್ಲಾಟುಗಳಲ್ಲಿ ಬ್ಯಾರಿ ಭಾಷೆಯಲ್ಲಿ ಪ್ರೀತಿ ಮಾಡಿಕೊಂಡು, ಜರ್ಮನ್ ಭಾಷೆಯಲ್ಲಿ ದಂಡ ಕಟ್ಟಿಕೊಂಡು ಸುಖವಾಗಿತ್ತು.

ಈಗ ಹಂಚಿನ ವಿಷಯಕ್ಕೆ ಬರೋಣ, ಕತೆ ಇರುವುದೇ ಅಲ್ಲಿ. ಜರ್ಮನರ ಪರದೇಶದ ರಾಜ್ಯಗಳಿಗೆಲ್ಲ ಒಂದೇ ನಿಯಮದ ಪುಸ್ತಕ. ಕಾಮೆರೂನಿನ ಮಳೆಗೂ ಅದೇ, ಸಮೋವಾದ ಸಮುದ್ರಕ್ಕೂ ಅದೇ, ಬಹರೈನಿನ ಬಿಸಿಲಿಗೂ ಅದೇ. ಬರ್ಲಿನ್ನಿನಲ್ಲಿ ಕೋಟು ಹಾಕಿಕೊಂಡು ಕೂತ ಯಾರೋ ಪುಣ್ಯಾತ್ಮ ಬರೆದಿದ್ದ: ಹಂಚು ಹಂಚಿನ ನಡುವಿನ ಪ್ರತಿ ಸಂದಿಗೂ ಗಾರೆ ತುಂಬಬೇಕು. ಹಂಚು ಹೊದಿಸುವವರಿಗೆ ಮೊದಲ ವರ್ಷವೇ ಗೊತ್ತಾಗಿತ್ತು, ಇದು ಶುದ್ಧ ಹುಚ್ಚು ಎಂದು. ಜೂನ್ ತಿಂಗಳಲ್ಲಿ ಬಡಗಣ ದಿಕ್ಕಿನಿಂದ ಶಮಾಲ್ ಗಾಳಿ ಎದ್ದರೆ ನಲವತ್ತು ದಿನ ನಿಲ್ಲುವುದಿಲ್ಲ. ಹಂಚಿನ ನಡುವೆ ಸಂದಿ ಇದ್ದರೆ ಗಾಳಿ ನುಗ್ಗಿ ಹೊರಗೆ ಹೋಗುತ್ತದೆ. ಹೆಚ್ಚೆಂದರೆ ಒಂದು ಹಂಚು ಜಾರೀತು. ಗಾರೆ ತುಂಬಿ ಮುಚ್ಚಿದರೆ ಅದು ಬಿಸಿಲಿಗೆ ಬಿರಿಯುತ್ತದೆ, ಗಾಳಿ ಅಡಿಯಿಂದ ಎತ್ತುತ್ತದೆ, ಆಗ ಇಡೀ ಬದಿ ಚಾಪೆಯ ಹಾಗೆ ಎದ್ದು ಬೀಳುತ್ತದೆ.

ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ ಸುಲಭದ್ದು. ಕೆಳಗಿನಿಂದ ಕಾಣುವ ಎರಡು ಸಾಲಿಗೆ ಗಾರೆ, ತುದಿಯ ಕೋಡು ಹಂಚಿಗೆ ಗಾರೆ, ನಡುವಿನದೆಲ್ಲ ಒಣ. ಕಾಗದದ ಮೇಲೆ ಮಾತ್ರ ‘ಪ್ರತಿ ಸಂದಿಗೂ ಗಾರೆ ಹಾಕಲಾಗಿದೆ’ ಎಂದು ಬರೆದು ಸಹಿ. ಕಾಮರಿನವರು ಮಾಡಿಗೆ ಹತ್ತುವ ಜಾತಿಯಲ್ಲ, ಕೆಳಗೆ ನಿಂತು ದುರ್ಬೀನಿನಲ್ಲಿ ನೋಡುವವರು. ಹೀಗೆ ನೂರು ವರ್ಷ ಎಲ್ಲರೂ ಸುಳ್ಳು ಬರೆದರು, ನೂರು ವರ್ಷವೂ ಮಾಡು ಗಟ್ಟಿಯಾಗಿ ನಿಂತಿತು. ಪುಸ್ತಕದಂತೆ ಪೂರ್ತಿ ಗಾರೆ ಹಾಕಿದವನು ಮೊಯಿದಿನ್ ಒಬ್ಬನೇ, ಅದೂ ಇಪ್ಪತ್ತೆರಡನೆಯ ವಯಸ್ಸಿನ ಹುರುಪಿನಲ್ಲಿ, ಮುಹರ್ರಕ್‌ನ ಒಬ್ಬ ಅರಬನ ಕುರಿದೊಡ್ಡಿಗೆ. ಜೂನಿನಲ್ಲಿ ಮಾಡು ಎದ್ದು ಬಿದ್ದು ಏಳು ಕುರಿಗಳು ಸತ್ತವು. ಆ ಕುರಿಗಳ ಕಣ್ಣು ಅವನಿಗೆ ಇವತ್ತಿಗೂ ಮರೆತಿಲ್ಲ.

ಪರೀಕ್ಷೆಗೆ ಎಂದಾದರೆ ಕಾಮರಿನ ಅಂಗಳದಲ್ಲಿ ಒಂದು ಸುಳ್ಳು ಮಾಡು ಇರುತ್ತಿತ್ತು. ಪುಸ್ತಕದಂತೆ ಗಾರೆ ಹಾಕಿ ಪಾಸಾಗು, ಮರುದಿನ ಅದನ್ನು ಒಡೆದು ಹಾಕುತ್ತಾರೆ, ಯಾರಿಗೂ ನಷ್ಟವಿಲ್ಲ. ಎರಡು ಸಾವಿರದ ಒಂಬತ್ತರಲ್ಲಿ ಬರ್ಲಿನ್ನಿನಿಂದ ಹೊಸ ಪದ್ಧತಿ ಬಂತು: ಪರೀಕ್ಷೆ ಇನ್ನು ನಿಜವಾದ ಕಟ್ಟಡದ ಮೇಲೆ. ಮೊಯಿದಿನ್‌ಗೆ ಸಿಕ್ಕಿದ್ದು ಸೆಗಯಾದ ಹೊಸ ಶಾಲೆ. ಈಸ್ಟರ್ ರಜೆ ಮುಗಿದು ಸೋಮವಾರ ಗವರ್ನರ್ ಬಂದು ರಿಬ್ಬನ್ ಕತ್ತರಿಸುವವರಿದ್ದರು. ಪರೀಕ್ಷೆ ಗುರುವಾರ.

ಗುರುವಾರ ಬೆಳಿಗ್ಗೆ ಹಲೀಮಾ ಚಾ ಕೊಡುವ ಮೊದಲು ಉಪದೇಶ ಕೊಟ್ಟಳು.

“ನೀವು ಅಲ್ಲಿ ದೊಡ್ಡ ಜನ ಆಗ್ಲಿಕ್ಕೆ ಹೋಗ್ಬೇಡಿ. ಅವರು ಹಾಕು ಹೇಳಿದ್ರೆ ಹಾಕಿ, ತೆಗಿ ಹೇಳಿದ್ರೆ ತೆಗೀರಿ. ಗಾರೆ ಮೊದ್ಲು ನಿಮ್ಮ ಬಾಯಿಗೆ ಹಾಕ್ಬೇಕಿತ್ತು.”

“ಹೆದರ್ಬೇಡ. ಬಹರೈನಿನಲ್ಲಿ ನನ್ನ ಹಾಗೆ ಹಂಚು ಹೊದಿಸುವವ ಇನ್ನೊಬ್ಬ ಉಂಟಾ?”

“ಉಂಟು. ಅಬ್ಬಾಸ್ ಮೈಸ್ಟರ್.”

“ಅವರಿಗೆ ಕಲಿಸಿದ್ದು ಯಾರು?”

“ನಿಮಗೆ ಕಲಿಸಿದ್ದು ಅವರು, ಮಾರ್ರೆ!” ಹಲೀಮಾ ನಗಲು ಹೋಗಿ ನಗಲಿಲ್ಲ. “ನೋಡಿ, ಫಿದಾ ಹುಟ್ಟಿದ್ದು ಇಲ್ಲಿ. ಊರಲ್ಲಿ ಅವಳಿಗೆ ಬಸ್ಸಿನ ಬೋರ್ಡು ಓದ್ಲಿಕ್ಕೂ ಬರುದಿಲ್ಲ. ನನಗೂ ಅಲ್ಲಿ ಯಾರಿದ್ದಾರೆ ಹೇಳಿ? ನನಗೆ ಹೆದರಿಕೆ ಆಗ್ತದೆ.”

“ಪತ್ರ ತಾರದೆ ಮನೆಗೆ ಬರುದಿಲ್ಲ” ಎಂದು ಎದೆ ತಟ್ಟಿ ಮೊಯಿದಿನ್ ಹೊರಟ. ಬಾಯಿಮಾತಿಗೆ ಹೇಳಿದ್ದಲ್ಲ, ಅವನಿಗೆ ಹಾಗೆಯೇ ಅನ್ನಿಸಿತ್ತು.

ಶಾಲೆಯ ಅಂಗಳದಲ್ಲಿ ಅಬ್ಬಾಸ್ ಮೈಸ್ಟರ್ ತಮ್ಮ ಆರು ಆಳುಗಳ ಜೊತೆ ನಿಂತಿದ್ದರು. ಎಪ್ಪತ್ತು ವರ್ಷದ ಮುದುಕ, ಗಡ್ಡಕ್ಕೆ ಮದರಂಗಿ, ಶಾಲೆಯ ಮಾಡಿನ ಗುತ್ತಿಗೆ ಅವರದ್ದೇ. ಮೊಯಿದಿನ್‌ನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋದರು.

“ಲೆಕ್ಕ ಹೀಗುಂಟು. ಎರಡು ಸಾಲಿಗೆ ಗಾರೆ ಹಾಕುವವರೆಗೆ ಪರೀಕ್ಷೆಯವ ನೋಡ್ತಾನೆ, ಆಮೇಲೆ ಚಾ ಕುಡೀಲಿಕ್ಕೆ ಹೋಗ್ತಾನೆ. ಹೋಗದಿದ್ರೆ ಪೂರ್ತಿ ಹಾಕಿಬಿಡು. ಗಾಳಿ ಬಂದಾಗ ತೂರಿಕೋ ಅಂತ ಹೇಳುದು ಸುಮ್ನೆ ಅಲ್ಲ.”

“ಪೂರ್ತಿ ಹಾಕಿದ್ರೆ ಜೂನಿನಲ್ಲಿ ಗಾಳಿಯೇ ತೂರ್ತದೆ ಅಬ್ಬಾಸಾಕ.”

“ಅದು ಜೂನಿಗೆ. ಮತ್ತೆ ಒಂದು ಕೇಳು, ನಾವು ಇಷ್ಟು ವರ್ಷ ಗಾರೆ ಹಾಕ್ಲಿಲ್ಲ ಅಂತ ಬಾಯಿ ಬಿಟ್ರೆ ನಿನ್ನ ಕತೆ ಮಾತ್ರ ಅಲ್ಲ, ನಮ್ಮೆಲ್ಲರ ಪತ್ರ ಹೋಯ್ತು. ನಲವತ್ತು ಮನೆ ಬೀದಿಗೆ. ಆಣೆ ಹಾಕು, ಹೇಳುದಿಲ್ಲ ಅಂತ.”

ಮೊಯಿದಿನ್ ಆಣೆ ಹಾಕಿದ.

ಪರೀಕ್ಷಕರನ್ನು ಎಲ್ಲರೂ ಹೆರ್ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಉದ್ದ ಕುತ್ತಿಗೆಯ ಜರ್ಮನ್, ಸುಳ್ಳು ಹೇಳಿದವನಲ್ಲ, ಲಂಚ ಮುಟ್ಟಿದವನಲ್ಲ. ಅಂಥವನ ಹತ್ತಿರ ಏಗುವುದೇ ಕಷ್ಟ. ಕೊಡೆಯಡಿ ಕುರ್ಚಿ ಹಾಕಿಸಿ ದುರ್ಬೀನು ಹಿಡಿದು ಕೂತ. ಪಕ್ಕದಲ್ಲಿ ಅವನ ಮಾತನ್ನು ಕನ್ನಡಕ್ಕೂ ಇವರ ಮಾತನ್ನು ಜರ್ಮನ್‌ಗೂ ಮಾಡುವ ಜೋಸೆಫಿನ್, ಕಾಮರಿನ ಸೆಕ್ರೆಟರಿ, ಮಂಗಳೂರು ಕಡೆಯ ಹೆಂಗಸು. ಅವಳು ಒಂದು ಅಕ್ಷರ ಕೂಡಿಸುವವಳಲ್ಲ, ಒಂದು ಅಕ್ಷರ ಬಿಡುವವಳೂ ಅಲ್ಲ.

ಹನ್ನೊಂದು ಗಂಟೆಗೆ ಒಂದು ಬದಿಯ ಹಂಚು ಪೂರ್ತಿ ಹೊದಿಸಿ ಆಯಿತು. ಏನು ಕೆಲಸ ಅದು! ನೂಲು ಹಿಡಿದರೂ ಒಂದು ಹಂಚು ಅತ್ತಿತ್ತ ಇರಲಿಲ್ಲ. ಕೆಳಗಿನ ಆಳುಗಳು “ಮಾಶಾ ಅಲ್ಲಾಹ್” ಅಂದರು. ಎರಡು ಸಾಲಿಗೆ ಗಾರೆಯೂ ಆಯಿತು. ಹೆರ್ ಡಾಕ್ಟರ್ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಚಾ ಅವನಿದ್ದಲ್ಲಿಗೇ ಬಂತು.

“ಮುಂದಿನ ಸಾಲು ಹಾಕಬೇಕಂತೆ” ಎಂದು ಜೋಸೆಫಿನ್ ಕೂಗಿದಳು. “ಎಲ್ಲಾ ಸಂದಿ ಒಂದೊಂದಾಗಿ ನೋಡ್ತಾರಂತೆ. ಸಂಜೆವರೆಗೂ ಕೂರ್ತಾರಂತೆ.”

ಆಳುಗಳು ಗಾರೆಯ ದೊಡ್ಡ ಬಾಂಡ್ಲಿಯನ್ನು ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರು. ಮೊಯಿದಿನ್ ಕರಣೆ ಕೈಗೆ ತೆಗೆದುಕೊಂಡ. ತೆಗೆದುಕೊಂಡವನು ಹಂಚಿನ ಸಂದಿಯಲ್ಲಿ ಕೆಳಗೆ ನೋಡಿದ. ತರಗತಿಯಲ್ಲಿ ಬೆಂಚು ಹಾಕಿ ಆಗಿತ್ತು. ಒಂದನೇ ಕ್ಲಾಸಿನದು, ಅವನ ಮೊಣಕಾಲಿಗಿಂತ ಎತ್ತರವಿಲ್ಲ. ಮಾಡಿಗೂ ಬೆಂಚಿಗೂ ನಡುವೆ ಒಂದು ಹಲಗೆ ಕೂಡ ಇರಲಿಲ್ಲ. ಅವನಿಗೆ ಆ ಏಳು ಕುರಿಗಳ ನೆನಪಾಯಿತು. ಹಲೀಮಾಳ ಮುಖವೂ ಕಣ್ಣ ಮುಂದೆ ಬಂತು. ಅವಳ ಹತ್ತಿರ ಬೈಸಿಕೊಳ್ಳಬಹುದು, ಈ ಬೆಂಚುಗಳ ಹತ್ತಿರ ಏನೆಂದು ಹೇಳುವುದು ಅನ್ನಿಸಿತು. ಕರಣೆಯನ್ನು ಬಾಂಡ್ಲಿಗೆ ಹಾಕಿ, ಬಾಂಡ್ಲಿಯನ್ನು ಹಾಗೆಯೇ ಕೆಳಗೆ ಇಳಿಸಿ, ತಾನೂ ಏಣಿಯಲ್ಲಿ ಇಳಿದು ಬಂದ.

“ನಾನು ಹಾಕುದಿಲ್ಲ” ಅಂದ.

ಜೋಸೆಫಿನ್ ಹೇಳಿದಳು. ಹೆರ್ ಡಾಕ್ಟರ್ ಯಾಕೆ ಎಂದು ಕೇಳಿದ.

“ಗಾರೆ ಹಾಕಿದ್ರೆ ಶಮಾಲಿಗೆ ಮಾಡು ಏಳ್ತದೆ. ಅಡಿಯಲ್ಲಿ ಮಕ್ಕಳು ಕೂರ್ತಾರೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಫೇಲ್ ಮಾಡುದಾದ್ರೆ ಮಾಡಿ.”

ಹೆರ್ ಡಾಕ್ಟರಿಗೆ ಸಿಟ್ಟು ಬರಲಿಲ್ಲ, ಪಾಪ ಎನ್ನುವ ಹಾಗೆ ನೋಡಿದ. ಜೋಸೆಫಿನ್ ಅವನ ಮಾತನ್ನು ತಂದಳು: “ನೂರು ವರ್ಷದಿಂದ ಈ ದ್ವೀಪದ ಎಲ್ಲಾ ಸರಕಾರಿ ಮಾಡುಗಳನ್ನು ಇದೇ ನಿಯಮದಲ್ಲಿ ಕಟ್ಟಿದ್ದಂತೆ. ಎಲ್ಲದಕ್ಕೂ ಸಹಿ ಉಂಟಂತೆ. ಒಂದಾದರೂ ಬಿದ್ದದ್ದುಂಟಾ ಅಂತ ಕೇಳ್ತಾರೆ.”

ಅಯ್ಯೋ ದೇವರೇ! ಇದಕ್ಕಿಂತ ದೊಡ್ಡ ತಮಾಷೆ ಉಂಟೇ? ಒಂದೇ ಮಾತು ಆಡಿದರೆ ಮೊಯಿದಿನ್ ಗೆದ್ದ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಕುರಿದೊಡ್ಡಿಯ ಕತೆ ತೆಗೆದರೂ, ಹಾಗಾದರೆ ಉಳಿದವು ಹೇಗೆ ನಿಂತವು ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಆದರೆ ಅವನು ಆಣೆ ಹಾಕಿದ್ದ, ನಲವತ್ತು ಮನೆ ಆ ಆಣೆಯ ಹಿಂದೆ ಇದ್ದವು. “ನನಗೆ ಬೇರೆಯವರದ್ದು ಗೊತ್ತಿಲ್ಲ. ನಾನು ಹಾಕುದಿಲ್ಲ” ಎಂದಷ್ಟೇ ಹೇಳಿ ಬಾಯಿ ಮುಚ್ಚಿದ. ಹುಟ್ಟಿದ ಮೇಲೆ ಅವನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು.

ಹೆರ್ ಡಾಕ್ಟರ್ ಪುಸ್ತಕದಲ್ಲಿ ಏನೋ ಬರೆಯಲು ಪೆನ್ನಿನ ಮುಚ್ಚಳ ತೆಗೆದ. ಮತ್ತೆ ಅಬ್ಬಾಸ್ ಕಡೆ ತಿರುಗಿದ. ಸೋಮವಾರ ಗವರ್ನರ್ ಬರುತ್ತಾರೆ, ಮಾಡು ಮುಗಿಯಲೇಬೇಕು, ಈ ಮನುಷ್ಯನ ಬದಲಿಗೆ ನೀವು ಹತ್ತಿ ಗಾರೆ ಹಾಕಿ ಎಂದ.

ಅಬ್ಬಾಸ್ ಏಣಿಯ ತನಕ ಹೋದರು. ಒಂದು ಮೆಟ್ಟಿಲಿಗೆ ಕಾಲಿಟ್ಟು ಅಲ್ಲಿಯೇ ನಿಂತರು. ಹಿಂದಿರುಗಿ ಆಳುಗಳನ್ನು ನೋಡಿದರು, ಅವರು ನೆಲ ನೋಡಿದರು. ಬಾಂಡ್ಲಿಯಲ್ಲಿ ಗಾರೆ ಬಿಸಿಲಿಗೆ ಬಿಳಿಚಿಕೊಳ್ಳುತ್ತಾ ಬಂತು. ಹೆರ್ ಡಾಕ್ಟರ್ ಗಡಿಯಾರ ನೋಡಿ ಇನ್ನೊಮ್ಮೆ ಹೇಳಿದ. ಆರು ಆಳುಗಳನ್ನು ಒಬ್ಬೊಬ್ಬರನ್ನಾಗಿ ಕರೆದ. ಒಬ್ಬನಿಗೆ ಬೆನ್ನು ನೋವು, ಒಬ್ಬನಿಗೆ ತಲೆ ಸುತ್ತು, ಒಬ್ಬನಿಗೆ ಜರ್ಮನ್ ಅರ್ಥವೇ ಆಗಲಿಲ್ಲ, ಕನ್ನಡದಲ್ಲಿ ಹೇಳಿದರೂ ಅರ್ಥವಾಗಲಿಲ್ಲ. ಮಧ್ಯಾಹ್ನದ ಬಾಂಗು ಕೇಳುವ ಹೊತ್ತಿಗೆ ಬಾಂಡ್ಲಿಯ ಗಾರೆ ಕಲ್ಲಾಗಿ, ಕರಣೆ ಅದರಲ್ಲಿ ನೆಟ್ಟ ಹಾಗೆ ನಿಂತಿತ್ತು.

ಆಗ ಅಬ್ಬಾಸ್ ಏಣಿ ಬಿಟ್ಟು ಬಂದು ಹೆರ್ ಡಾಕ್ಟರನ ಮುಂದೆ ನಿಂತರು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದರು. “ಜೋಸೆಫಿನಮ್ಮ, ಸರಿಯಾಗಿ ಹೇಳಿ. ಪರೀಕ್ಷೆಯ ಸುಳ್ಳು ಮಾಡು ಒಂದು ಬಿಟ್ರೆ ಐವತ್ತು ವರ್ಷದಲ್ಲಿ ನಾನು ಎರಡು ಸಾಲಿನ ಮೇಲೆ ಗಾರೆ ಹಾಕಿದ್ದೇ ಇಲ್ಲ. ನನ್ನ ಬಾಪ ಹಾಕ್ಲಿಲ್ಲ, ಅವರ ಬಾಪ ಹಾಕ್ಲಿಲ್ಲ. ಸಹಿ ಎಲ್ಲಾ ಸುಳ್ಳು. ಮಾಡು ನಿಂತದ್ದು ಅದಕ್ಕೇ. ಈ ಹುಡುಗನಿಗೆ ಸುಳ್ಳು ಕಲಿಸಿದ್ದು ನಾನು, ಅವ ಇವತ್ತು ಹೇಳ್ಲಿಲ್ಲ. ಪತ್ರ ತೆಗೀಬೇಕಾದ್ರೆ ನನ್ನದು ತೆಗೀರಿ.”

ಮೊಯಿದಿನ್ ಎರಡು ಹೆಜ್ಜೆ ಮುಂದೆ ಬಂದು ಅಬ್ಬಾಸರ ಪಕ್ಕಕ್ಕೆ ನಿಂತ. ಐವತ್ತನಾಲ್ಕು ವರ್ಷದವನನ್ನು ಹುಡುಗ ಎಂದು ಕರೆಯುವವರು ಇನ್ನು ಎಷ್ಟು ಜನ ಇದ್ದಾರು?

ಜೋಸೆಫಿನ್ ಎಲ್ಲವನ್ನೂ ಹೇಳಿದಳು. ಹೆರ್ ಡಾಕ್ಟರ್ ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಶಾಲೆಯ ಪಕ್ಕದ ಅಂಚೆಮನೆಗೆ ಬೆರಳು ತೋರಿಸಿ, ಅದರದ್ದೂ ಹೀಗೆಯೇ ಎಂದು ಕೇಳಿದ. ಅಬ್ಬಾಸ್ ತಲೆಯಾಡಿಸಿದರು. ಏಣಿ ಅಲ್ಲಿಗೆ ತರಿಸಿದ. ಕೋಟು ಕಳಚಿ ಜೋಸೆಫಿನ್ ಕೈಗೆ ಕೊಟ್ಟ. ಮೊಯಿದಿನ್ ಹಿಂದಿನಿಂದ ಸೊಂಟ ಹಿಡಿದುಕೊಂಡಿರುವಾಗ, ಕಾಮರಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಬ್ಬ ಪರೀಕ್ಷಕ ಮಾಡು ಹತ್ತಿದ. ಐದನೆಯ ಸಾಲಿನ ಒಂದು ಹಂಚಿಗೆ ಕೈ ಹಾಕಿದ. ಹಂಚು ಸಲೀಸಾಗಿ ಮೇಲೆದ್ದು ಬಂತು. ಇನ್ನೊಂದು ಎತ್ತಿದ. ಅದೂ ಬಂತು. ಹದಿನೆಂಟು ಶಮಾಲ್ ಕಂಡ ಮಾಡು ಅದು, ಒಂದು ಚೂರು ಗಾರೆ ಇರಲಿಲ್ಲ.

ಕೆಳಗಿಳಿದು ಬಂದಾಗ ಅವನ ಪ್ಯಾಂಟಿನ ತುಂಬ ಕೆಂಪು ಧೂಳು. “ಇಪ್ಪತ್ತೆರಡು ವರ್ಷದಿಂದ ಇವಕ್ಕೆಲ್ಲ ನಾನೂ ಸಹಿ ಹಾಕಿದ್ದೇನೆ” ಎಂದ. ಅದನ್ನು ಕನ್ನಡಕ್ಕೆ ತರುವಾಗ ಜೋಸೆಫಿನ್ ದನಿ ಸ್ವಲ್ಪ ಮೆತ್ತಗಾಯಿತು. “ಯಾರ ಪತ್ರವೂ ತೆಗೆಯುದಿಲ್ಲಂತೆ, ತೆಗೆಯುದಾದ್ರೆ ಮೊದ್ಲು ತಮ್ಮ ಕೆಲಸವೇ ಹೋಗ್ಬೇಕಂತೆ. ಬರ್ಲಿನ್‌ಗೆ ಬರೀತಾರಂತೆ, ಈ ನಿಯಮ ತಪ್ಪು ಅಂತ. ಸರಿಯಾದ ನಿಯಮ ಎಂತದ್ದು ಅಂತ ನೀವು ಹೇಳ್ಬೇಕಂತೆ, ಮೊಯಿದಿನಾಕ. ಆದರೆ ಆಳು ಹೇಳಿದ ನಿಯಮ ಬರ್ಲಿನ್‌ನಲ್ಲಿ ನಡೆಯುದಿಲ್ಲಂತೆ. ಮೈಸ್ಟರ್ ಹೇಳ್ಬೇಕಂತೆ.”

ಹೆರ್ ಡಾಕ್ಟರ್ ಬಗ್ಗಿ, ಮೊಣಕಾಲ ಮೇಲೆ ಪತ್ರ ಇಟ್ಟುಕೊಂಡು ಸಹಿ ಹಾಕಿದ, ಒತ್ತಿ ಮೊಹರು ಹಾಕಿದ. ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

“ಈಗ ಹೇಳಿ, ಮೈಸ್ಟರ್” ಎಂದು ಜೋಸೆಫಿನ್ ಪೆನ್ನು ಹಿಡಿದು ಕೂತಳು. ಅಬ್ಬಾಸ್ ಮುಖ ಒರೆಸಿಕೊಳ್ಳುತ್ತಿದ್ದರು. ಆಳುಗಳೆಲ್ಲ ಸುತ್ತ ಬಂದು ನಿಂತರು, ಬೆನ್ನು ನೋವಿನವನೂ ಸೇರಿ.

ಮೊಯಿದಿನ್ ಪತ್ರವನ್ನು ಅಂಗಿಯೊಳಗೆ ಇಟ್ಟುಕೊಂಡು ಕುರ್ಚಿ ಎಳೆದುಕೊಂಡು ಕೂತ. ಅದು ಹೆರ್ ಡಾಕ್ಟರನ ಕುರ್ಚಿ ಎಂದು ಯಾರೂ ಹೇಳಲಿಲ್ಲ.

“ಬರ್ಕೊಳ್ಳಿ. ಒಂದನೇ ನಿಯಮ. ಮಾಡಿಗೆ ಹತ್ತದವ ಮಾಡಿನ ನಿಯಮ ಬರೀಬಾರ್ದು.”

ಜೋಸೆಫಿನ್ ಪೆನ್ನು ನಿಲ್ಲಿಸಿದಳು. “ಇದನ್ನೂ ಬರೀಬೇಕಾ?”

ಏನಂತೆ, ಏನಂತೆ ಎಂದು ಹೆರ್ ಡಾಕ್ಟರ್ ಕೇಳಿದ. ಅವಳು ಒಂದು ಅಕ್ಷರ ಬಿಡದೆ ಹೇಳಿದಳು. ಅವನು ತನ್ನ ಪ್ಯಾಂಟಿನ ಕೆಂಪು ಧೂಳನ್ನು ಒಮ್ಮೆ ನೋಡಿಕೊಂಡು, ಬರೆಯಿರಿ ಎಂದು ಕೈ ಮಾಡಿದ.