ನರಿಗೆ ಮರಾಠಿಯಲ್ಲಿ

ಸೈಕಲ್ಲಿನ ಸಡಿಲ ಗಂಟೆ ತಾನಾಗಿಯೇ ಕಿಣಿಕಿಣಿ ಅಂದಾಗ ಅದು ತಲೆಯೆತ್ತಿ ನೋಡಿತು. ವನಮಾಲಾ ಬ್ರೇಕು ಒತ್ತಿ, ಎಡಗಾಲು ನೆಲಕ್ಕೂರಿ ನಿಂತಳು. ಹತ್ತು ಮಾರು ದೂರದಲ್ಲಿ, ಐರೋಲಿಯ ಖಾಡಿಗೆ, ಆ ಕಡಲ ಹಿನ್ನೀರಿಗೆ, ಇಳಿಯುವ ಮಣ್ಣುದಾರಿಯ ತಿರುವಿನಲ್ಲಿ, ಕಂದು ಬಣ್ಣದ ಪ್ರಾಣಿ. ನಾಯಿಗಿಂತ ಸಪೂರ, ಬಾಲ ಮಾತ್ರ ದಪ್ಪ. ಬಾಯಲ್ಲೊಂದು ಏಡಿ. ಏಡಿಯ ಒಂದು ಕಾಲು ಇನ್ನೂ ಗಾಳಿಯಲ್ಲಿ ಆಡುತ್ತಿತ್ತು.

ನರಿ! ಐವತ್ತೆಂಟು ವರ್ಷದಲ್ಲಿ ಮೊದಲ ಬಾರಿ ಕಣ್ಣೆದುರು ನರಿ. ಊರಿನಲ್ಲಿದ್ದಾಗ ರಾತ್ರಿ ಗುಡ್ಡದ ಕಡೆಯಿಂದ ಊಳಿಡುವುದನ್ನು ಕೇಳಿದ್ದಳೇ ಹೊರತು ನೋಡಿರಲಿಲ್ಲ. ಹೆದರಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿರುವಾಗಲೇ, ಅದೂ ಹಾಗೆಯೇ ಯೋಚಿಸಿದಂತೆ ಒಂದು ಕ್ಷಣ ಅವಳ ಮುಖವನ್ನೇ ನೋಡಿ, ಏಡಿಯ ಸಮೇತ ಕೆಸರಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ನಡುವೆ ನುಸುಳಿಹೋಯಿತು.

ಮಗಳು ಅನುಷ್ಕಾ ಮದುವೆಯಾಗಿ ಪುಣೆಗೆ ಹೋದ ಮೇಲೆ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ತುಕ್ಕು ಹಿಡಿಯುತ್ತಿದ್ದ ಸೈಕಲ್ ಇದು. ಗಂಡ ಯಜ್ಞೇಶ್ವರ ಬೆಳಗಿನ ಐದಕ್ಕೇ ಸ್ಟೇಷನ್ ಬಳಿಯ ತನ್ನ ಹೋಟೆಲಿಗೆ ಹೊರಟರೆ, ವನಮಾಲಾ ಆರಕ್ಕೆ ಹಿಂದಿನ ಗೇಟಿನಿಂದ ಖಾಡಿಯ ಕಡೆ ಹೊರಡುತ್ತಿದ್ದಳು. ಅರ್ಧ ಗಂಟೆ, ಅಷ್ಟೇ.

ಮರಳಿ ಗೇಟಿಗೆ ಬಂದಾಗ ಅವಳ ಮುಖ ನೋಡಿ ವಾಚ್‌ಮನ್ ಸಿದ್ರಾಮ ಸ್ಟೂಲಿನಿಂದ ಎದ್ದ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಅವಳ ಕೈಯಿಂದ ಸೈಕಲ್ ತೆಗೆದುಕೊಂಡು ತಾನೇ ಸ್ಟಾಂಡ್ ಹಾಕುವಷ್ಟು ಸಂಭಾವಿತ.

"ಕಾಯ್ ಝಾಲಂ, ತಾಯೀ?" ಏನಾಯಿತೆಂದು ಕೇಳಿದ.

ವನಮಾಲಾ ಬಾಯಿ ತೆರೆದಳು. ಮೂವತ್ತು ವರ್ಷ ಮರಾಠಿಯಲ್ಲಿ ತೊಂಡೆಕಾಯಿ ಕೊಂಡವಳಿಗೆ ನರಿಯ ಅಗತ್ಯ ಎಂದೂ ಬಿದ್ದಿರಲಿಲ್ಲ. ಆಗ ನೆನಪಾದದ್ದು ಅನುಷ್ಕಾ ಚಿಕ್ಕವಳಿದ್ದಾಗ ಗೋಡೆಗೆ ಅಂಟಿಸಿದ್ದ ಪ್ರಾಣಿಗಳ ಚಾರ್ಟು. ಕೊನೆಯ ಸಾಲಿನಲ್ಲಿ ಇಂಥದೇ ಮೂತಿ, ಇಂಥದೇ ಬಾಲ, ಕೆಳಗೆ ದಪ್ಪಕ್ಷರದಲ್ಲಿ ಹೆಸರು.

"ಲಾಂಡಗಾ!" ಅಂದಳು ಸಂತೋಷದಿಂದ, ಖಾಡಿಯ ಕಡೆ ಕೈ ತೋರಿಸುತ್ತ. "ತಿಕಡೇ. ಲಾಂಡಗಾ!"

ಸಿದ್ರಾಮನ ಮುಖ ಬಿಳಿಚಿತು.

ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನೋಟಿಸು ಬಂತು. ಮಕ್ಕಳನ್ನು ಕೆಳಗೆ ಬಿಡಬೇಡಿ, ಹಿಂದಿನ ಗೇಟು ಬಂದ್. ಇಷ್ಟೆಲ್ಲ ಯಾಕೆ ಎಂದು ವನಮಾಲಾಳಿಗೆ ಅರ್ಥವಾಗಲಿಲ್ಲ. ಐದು ಗಂಟೆಗೆ ಕೆಳಗೆ ಗದ್ದಲ ಕೇಳಿ ಇಳಿದು ಬಂದರೆ, ಸೆಕ್ರೆಟರಿ ಪಾಟಕರ್ ನಾಲ್ಕಾರು ಗಂಡಸರ ನಡುವೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ಕೆಟ್ಟವನಲ್ಲ, ಕಳೆದ ಮಳೆಗಾಲದಲ್ಲಿ ಅವಳ ಮನೆಯ ಗೋಡೆ ಸೋರಿದಾಗ ತಾನೇ ಟಾರ್ಪಾಲು ಹೊತ್ತು ಟೆರೇಸಿಗೆ ಹತ್ತಿದ್ದ. ಈಗ ಮಾತ್ರ ಅವನ ದನಿ ನಡುಗುತ್ತಿತ್ತು. ಅವನಿಗೆ ಎರಡು ವರ್ಷದ ಮೊಮ್ಮಗಳಿದ್ದಳು.

"ಮಟನ್‌ನಲ್ಲಿ ಔಷಧ ಬೆರೆಸಿ ಇಡ್ತಾರೆ ಆಂಟೀ," ಎಂದು ಅವಳಿಗೆ ಹಿಂದಿಯಲ್ಲಿ ವಿವರಿಸಿದ. "ಆರು ಗಂಟೆಗೆ ಆ ಮನುಷ್ಯ ಬರ್ತಾನೆ. ನಾಳೆಗೆ ಎಲ್ಲ ಸಾಫ್. ನೀವು ಹೇಳಿದ್ದು ಒಳ್ಳೇದಾಯ್ತು."

ನೀವು ಹೇಳಿದ್ದು. ವನಮಾಲಾಳಿಗೆ ಬೆಳಗಿನದು ನೆನಪಾಯಿತು. ಏಡಿ ಹಿಡಿದ ಬಾಯಿ, ತನ್ನ ಮುಖವನ್ನೇ ನೋಡಿದ ಹಳದಿ ಕಣ್ಣು. ತಾನು ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯೂ ಅದು ಏಡಿ ತಿನ್ನುತ್ತಿತ್ತು.

"ನಕೋ, ನಕೋ!" ಅಂದಳು. "ಲಾಂಡಗಾ ಚಾಂಗಲಾ ಆಹೇ! ಲಹಾನ್ ಆಹೇ!"

ಬೇಡ, ಒಳ್ಳೆಯ ಲಾಂಡಗಾ, ಸಣ್ಣ ಲಾಂಡಗಾ! ಗಂಡಸರು ನಕ್ಕುಬಿಟ್ಟರು. "ಆಂಟಿಗೆ ದೋಸ್ತಿ ಆಗಿದೆ," ಅಂದ ಒಬ್ಬ. ಪಾಟಕರ್ ನಗಲಿಲ್ಲ. ಗಡಿಯಾರ ನೋಡಿಕೊಂಡು ಮತ್ತೆ ಫೋನು ಕಿವಿಗಿಟ್ಟ.

ಅಷ್ಟರಲ್ಲಿ ಯಜ್ಞೇಶ್ವರ ಸ್ವಲ್ಪ ವಿಶ್ರಾಂತಿಗೆಂದು ಹೋಟೆಲಿನಿಂದ ಬಂದ. ಕೈಯಲ್ಲಿ ಉಳಿದ ಬನ್ಸಿನ ಪೊಟ್ಟಣ. ವನಮಾಲಾ ಅವನನ್ನು ಗೇಟಿನಲ್ಲೇ ಹಿಡಿದಳು.

"ರೀ, ಇವರಿಗೆ ಸರಿಯಾಗಿ ಹೇಳಿ ಮಾರಾಯ್ರೆ! ಬೆಳಿಗ್ಗೆ ನಾನು ಖಾಡಿಯ ಹತ್ರ ಒಂದು ನರಿ ನೋಡಿದೆ. ಪಾಪದ್ದು, ಏಡಿ ತಿಂತಾ ಇತ್ತು. ಈಗ ಅದಕ್ಕೆ ವಿಷ ಇಡ್ತಾರಂತೆ!"

"ನೀನು ನರಿ ಮುಖ ನೋಡಿದ್ದಾ?" ಯಜ್ಞೇಶ್ವರನ ಹುಬ್ಬು ಮೇಲೇರಿತು. "ಹಾಗಾದ್ರೆ ಇವತ್ತು ಗ್ಯಾಸ್ ಸಿಲಿಂಡರ್ ಬರ್ತದೆ ನೋಡು."

"ತಮಾಷೆ ಮಾಡ್ಬೇಡಿ! ಅದರ ಜೀವ ಹೋಗ್ತದೆ."

ಹಿಂದಿನಿಂದ ಸ್ಟೂಲು ಉರುಳಿದ ಸದ್ದಾಯಿತು. ಸಿದ್ರಾಮ ಎದ್ದು ನಿಂತಿದ್ದ.

"ಯವ್ವಾ, ನರಿ ಏನ್ರೀ ಅದು?" ಅಂದ, ಅಪ್ಪಟ ಕನ್ನಡದಲ್ಲಿ. "ಮುಂಜಾನೆ ಲಾಂಡಗಾ ಅಂದ್ರಲ್ರೀ! ಲಾಂಡಗಾ ಅಂದ್ರ ತ್ವಾಳರೀ! ನರಿಗೆ ಇವ್ರು ಕೋಲ್ಹಾ ಅಂತಾರ್ರಿ. ನಾ ತ್ವಾಳ ಬಂದೈತಿ ಅಂತ ಇಡೀ ಬಿಲ್ಡಿಂಗಿಗೆ ಡಂಗುರ ಹೊಡದು ಬಂದೀನಲ್ರೀ!"

ವನಮಾಲಾ ಕಣ್ಣು ಪಿಳಿಪಿಳಿ ಬಿಟ್ಟಳು. "ನೀವು ಕನ್ನಡದವ್ರಾ?"

"ಇಂಡಿ ತಾಲೂಕ್ರಿ ನಮ್ದು."

"ಅಯ್ಯೋ ದೇವರೇ! ಎರಡು ತಿಂಗಳು ನಾನು ನಿಮ್ಮ ಹತ್ರ ಮರಾಠಿಯಲ್ಲಿ ಒದ್ದಾಡಿದೆನಲ್ಲ!"

"ನಾನೂ ಒದ್ದಾಡೀನ್ರಿ," ಅಂದ ಸಿದ್ರಾಮ. "ನಿಮ್ಮ ಮರಾಠಿ ಭಾಳ ಅವಘಡ ಐತ್ರಿ, ಅಕ್ಕಾರ."

ಆದರೆ ನಗುತ್ತ ನಿಲ್ಲಲು ಅವನಿಗೆ ಪುರುಸೊತ್ತಿರಲಿಲ್ಲ. ಟೋಪಿ ಸರಿಮಾಡಿಕೊಂಡು ಪಾಟಕರನ ಮುಂದೆ ಹೋಗಿ ನಿಂತು ಮರಾಠಿಯಲ್ಲಿ ಹೇಳಿದ: ಲಾಂಡಗಾ ಅಲ್ಲ ಸಾಹೇಬ, ಕೋಲ್ಹಾ. ತಾಯಿ ಸರಿಯಾಗಿಯೇ ಹೇಳಿದ್ದರು, ನನ್ನ ಕಿವಿಗೆ ತಪ್ಪಾಗಿ ಕೇಳಿಸಿತು, ತಪ್ಪು ನನ್ನದು.

ತಪ್ಪು ಅವನದಲ್ಲ ಎಂದು ಹೇಳಲು ವನಮಾಲಾ ಮುಂದಾದಳು. ಸಿದ್ರಾಮ ಬೆನ್ನ ಹಿಂದೆ ಕೈ ಕಟ್ಟಿದವನು ಅಲ್ಲಿಂದಲೇ, ಅವಳಿಗೆ ಮಾತ್ರ ಕಾಣುವಂತೆ, ಸುಮ್ಮನಿರಿ ಎಂದು ಬೆರಳಾಡಿಸಿದ.

"ಕೋಲ್ಹಾ ಮಕ್ಕಳನ್ನ ಕಚ್ಚೋದಿಲ್ವಾ?" ಪಾಟಕರನಿಗೆ ಇನ್ನೂ ಅನುಮಾನ.

ಗೇಟಿನ ಹೊರಗೆ ಮೀನಿನ ಬುಟ್ಟಿ ಇಳಿಸಿ ಕೂತಿದ್ದ ಚಂದ್ರಬಾಯಿ ಅಷ್ಟು ಹೊತ್ತಿನಿಂದ ಎಲ್ಲವನ್ನೂ ಕೇಳುತ್ತಿದ್ದಳು. ಖಾಡಿಯ ದಂಡೆಯ ದಿವಾ ಗ್ರಾಮದ ಕೋಲಿ ಬೆಸ್ತರ ಹೆಂಗಸು. ಎಲೆ‌ಅಡಿಕೆ ಉಗುಳಿ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಕೋಲ್ಹಾ? ಅದಕ್ಕೆ ಇಷ್ಟು ಜನ ಗಂಡಸರಾ?" ಎಂದು ಮರಾಠಿಯಲ್ಲಿ ಬಿಸಿಬಿಸಿಯಾಗಿ ಶುರುಮಾಡಿದಳು. "ನಿಮ್ಮ ಬಿಲ್ಡಿಂಗು ನಿನ್ನೆಯದು ದಾದಾ, ಅದು ನನ್ನಜ್ಜಿಯ ಕಾಲದಿಂದ ಇದೆ. ಏಡಿ ತಿನ್ನುತ್ತೆ, ಮನುಷ್ಯರನ್ನ ಕಂಡ್ರೆ ಓಡುತ್ತೆ. ವಿಷ ಇಟ್ಟರೆ ಆ ಮಟನ್ ಕಾಗೆ ತಿನ್ನುತ್ತೆ, ನಾಯಿ ತಿನ್ನುತ್ತೆ, ಕಾಗೆ ಎತ್ತಿಕೊಂಡು ಬಂದು ಎಲ್ಲಿ ಬೀಳಿಸುತ್ತೆ ಗೊತ್ತಾ? ನಿಮ್ಮ ಮೊಮ್ಮಗಳು ಆಡುವ ಜಾಗದಲ್ಲಿ!"

ಪಾಟಕರ್ ಫೋನನ್ನು ಒಮ್ಮೆ, ಆಟದ ಜಾರುಬಂಡೆಯನ್ನು ಒಮ್ಮೆ ನೋಡಿದ. ಐದೂವರೆಯಾಗಿತ್ತು. ಆಮೇಲೆ ನಂಬರು ಒತ್ತಿ, "ಬೇಡ, ಬರಬೇಡಿ," ಅಂದ. ಫೋನು ಜೇಬಿಗಿಟ್ಟು ದೊಡ್ಡ ಉಸಿರು ಬಿಟ್ಟಾಗ, ಅವನಿಗೂ ಹಗುರವಾದಂತೆ ಕಂಡಿತು. ತಾನೇ ಹೋಗಿ ಬೋರ್ಡಿನ ನೋಟಿಸು ಕಿತ್ತು ಮಡಚಿಕೊಂಡ.

ವನಮಾಲಾ ಉರುಳಿದ್ದ ಸ್ಟೂಲು ಎತ್ತಿಟ್ಟು ಅದರ ಮೇಲೆ ಕೂತುಬಿಟ್ಟಳು. ಯಜ್ಞೇಶ್ವರ ಪೊಟ್ಟಣ ಬಿಚ್ಚಿ ಒಂದು ಬನ್ಸ್ ಅವಳಿಗೆ, ಒಂದು ಚಂದ್ರಬಾಯಿಗೆ, ಎರಡು ಸಿದ್ರಾಮನಿಗೆ ಕೊಟ್ಟ.

"ನಮ್ಮ ಕಡೆನೂ ಅಂತಾರ್ರಿ," ಅಂದ ಸಿದ್ರಾಮ ಬನ್ಸ್ ಮುರಿಯುತ್ತ. "ನರಿ ಮಾರಿ ನೋಡಿದ್ರ ಚಲೋ ಆಗ್ತೈತಿ ಅಂತ."

"ಸಿಲಿಂಡರ್ ಬಂತಾ?" ಅಂದ ಯಜ್ಞೇಶ್ವರ.

"ಇಲ್ಲರಿ."

"ನಾಳೆ ಬರ್ತದೆ."

ಮರುದಿನ ಆರಕ್ಕೆ ವನಮಾಲಾ ಕೆಳಗಿಳಿದಾಗ ಪಾರ್ಕಿಂಗಿನ ಅಂಚಿಗಿದ್ದ ಬೈಕುಗಳ ಮೇಲೆಲ್ಲ ಇಬ್ಬನಿ ಕೂತಿತ್ತು. ಅವಳ ಸೈಕಲ್ಲಿನ ಸೀಟು ಮಾತ್ರ ಒಣಗಿತ್ತು. ಯಾರೋ ಒರೆಸಿದ್ದರು. ಹಿಂದಿನ ಗೇಟು ಒಂದು ಸೈಕಲ್ ಹೋಗುವಷ್ಟೇ ತೆರೆದಿತ್ತು. ಸಿದ್ರಾಮ ಮುಂದಿನ ಗೇಟಿನಲ್ಲಿ ಹಾಲಿನವನ ಜೊತೆ ಮಾತಾಡುತ್ತ, ಇತ್ತ ನೋಡದವನಂತೆ ನಿಂತಿದ್ದ.

ಖಾಡಿಯಲ್ಲಿ ನೀರು ಇಳಿದಿತ್ತು. ತಿರುವಿನ ಕೆಸರಂಚಿನಲ್ಲಿ ಏಡಿಯ ಚಿಪ್ಪೊಂದು ಬಿದ್ದಿತ್ತು, ಇನ್ನೂ ಒದ್ದೆಯಾಗಿ. ಮುಂದೆ ದಾರಿ ತುಂಬ ಕಲ್ಲು. ವನಮಾಲಾ ಸೈಕಲ್ಲಿನಿಂದ ಇಳಿದಳು. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಅಂಗೈಯನ್ನು ತಣ್ಣಗಿದ್ದ ಸಡಿಲ ಗಂಟೆಯ ಮೇಲೆ ಒತ್ತಿಟ್ಟು, ಮೆಲ್ಲಗೆ ತಳ್ಳಿಕೊಂಡು ನಡೆದಳು.