ಜಕಿಯಾ ಕೇಳಿದ ಕ್ಷಮೆ

ಜಕಿಯಾಳಂಥ ಹೆಂಗಸು ದೇವರಿಗೆ ಹೆದರಿದಳೆಂದರೆ ನೆರೆಹೊರೆಯವರಿಗೆ ಗ್ರಹಚಾರ ಕಾದಿದೆ ಎಂದೇ ಅರ್ಥ. ಜೆರುಸಲೇಮಿನ ನಮ್ಮ ಗಲ್ಲಿಯಲ್ಲಿ, ನನ್ನ ಗೋಡೆಯಾಚೆಯೇ ಹದಿನಾಲ್ಕು ವರ್ಷ ಉಂಡು ಮಲಗಿ ಸುಖವಾಗಿದ್ದಳು. ಈ ವರ್ಷ ಹೃದಯದ ಆಪರೇಷನ್ ಆಯಿತು. ನಮ್ಮ ಯೆಹೂದಿಗಳ ಹೊಸ ವರ್ಷದ ಹಬ್ಬ ಮುಗಿದ ಮಾರನೆಯ ದಿನವೇ ಬಂದು ಬಾಗಿಲು ತಟ್ಟಿದಳು.

"ಹಬೀಬಾ ಅಕ್ಕಾ, ಹದಿನಾಲ್ಕು ವರ್ಷದ ಹಿಂದೆ ನಿಮ್ಮ ತಿರ್ಚಾಗೆ ಮೂರ್ಛೆರೋಗ ಇದೆ ಅಂತ ಗಂಡಿನ ಮನೆಯವ್ರಿಗೆ ಸುಳ್ಳು ಹೇಳಿ ಮದುವೆ ತಪ್ಪಿಸಿದ್ದು ನಾನೇ. ನನ್ನ ತಂಗಿ ಮಗಳಿಗೆ ಆ ಸಂಬಂಧ ಬೇಕಿತ್ತು. ಕ್ಷಮಿಸಿಬಿಡಿ."

ನನ್ನ ಕೈಯಲ್ಲಿ ಪೊರಕೆ ಇತ್ತು. ಅದನ್ನು ಬಳಸಲಿಲ್ಲವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ. "ನಡಿಯೇ ಆಚೆ!" ಎಂದು ಮುಖದ ಮೇಲೆ ಬಾಗಿಲು ಹಾಕಿದೆ. ನನ್ನ ಮಗಳು ತಿರ್ಚಾಗೆ ಈಗ ಮೂವತ್ತೆಂಟು. ಮದುವೆಯಿಲ್ಲ, ದವಾಖಾನೆಯ ನರ್ಸ್ ಕೆಲಸವೇ ಅವಳ ಸಂಸಾರ.

ನಮ್ಮ ಧರ್ಮಗುರು ರಬ್ಬಿಯ ಬಳಿ ಹೋಗಿ ಕೂಗಾಡಿದೆ. "ನನಗೆ ಗೊತ್ತೇ ಇಲ್ಲದ ಗಾಯಾನ ಕೆದಕಿ ತೋರ್ಸಿ ಅವಳು ಶುದ್ಧ ಆಗ್ತಾಳಂತಲ್ಲ, ಇದ್ಯಾವ ಪಶ್ಚಾತ್ತಾಪ?"

"ಹೇಳಬೇಕು ಅಂದ ಹಿರಿಯರೂ ಇದಾರೆ, ಸುಮ್ನಿರಬೇಕು ಅಂದವರೂ ಇದಾರೆ ತಾಯಿ," ಎಂದರು ಅವರು. "ಆದ್ರೆ ಮನುಷ್ಯರಿಗೆ ಮಾಡಿದ ತಪ್ಪನ್ನ ನೊಂದವರೇ ಕ್ಷಮಿಸಬೇಕು, ದೇವರ ಕೈಲೂ ಆಗಲ್ಲ. ಮೂರು ಸಲ ಕೇಳಿದ ಮೇಲೂ ನೀವು ಕಲ್ಲಾದ್ರೆ ಪಾಪ ನಿಮ್ಮ ತಲೆಗೆ."

"ಚೆನ್ನಾಗಿದೆ ನ್ಯಾಯ! ಮನೆ ಮುರಿದೋಳು ಅವಳು, ಪಾಪಿ ನಾನು!"

ಎರಡನೆಯ ಸಲ ಖರ್ಜೂರದ ಬಿಸ್ಕತ್ತಿನ ತಟ್ಟೆ ಹಿಡಿದು ಬಂದಳು. ಮುಟ್ಟಲಿಲ್ಲ. ಮೂರನೆಯ ಸಲ ಬಂದದ್ದು ಪ್ರಾಯಶ್ಚಿತ್ತದ ಉಪವಾಸದ ಹಿಂದಿನ ಮಧ್ಯಾಹ್ನ, ಪದ್ಧತಿಯಂತೆ ಮೂವರು ಗಂಡಸರನ್ನು ಸಾಕ್ಷಿಗೆ ಕರೆದುಕೊಂಡು. ನಾನು ಸಂಜೆ ಉಪವಾಸ ಹಿಡಿಯುವ ಮುಂಚಿನ ಊಟಕ್ಕೆಂದು ರವೆಯೊಳಗೆ ಮಾಂಸ ತುಂಬಿ ಉಂಡೆ ಕಟ್ಟುತ್ತಿದ್ದೆ. ಹಾಗೇ ಎದ್ದು ಬಂದೆ.

"ನನ್ನನ್ನ್ಯಾಕೆ ಕೇಳ್ತೀಯೇ? ಮದುವೆ ಮುರಿದಿದ್ದು ನಂದಾ? ಧೈರ್ಯ ಇದ್ರೆ ಅವಳನ್ನ ಕೇಳು!"

ಜಕಿಯಾ ಬಿಳಿಚಿಕೊಂಡಳು. ತಿರ್ಚಾ ಆಗಲೇ ನನ್ನ ಬೆನ್ನ ಹಿಂದೆ ಬಂದು ನಿಂತಿದ್ದಳು.

"ಕ್ಷಮಿಸಿದೀನಿ ಜಕಿಯಾ ಚಿಕ್ಕಮ್ಮ," ಎಂದಳು. "ಹೋಗಿ ಊಟ ಮಾಡಿ. ಹೊತ್ತಾಗುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನಿನಗೇನಾದ್ರೂ ಮಾನ ಇದೆಯೇನೇ? ಇಷ್ಟು ಅಗ್ಗವಾ ಕ್ಷಮೆ?"

"ಅವರು ಸುಳ್ಳು ಹೇಳಿದ್ದು ಒಂದೇ ಸಲ, ಅಮ್ಮ," ಎಂದಳು ತಿರ್ಚಾ. ದನಿ ಏರಲಿಲ್ಲ. "ನನ್ನ ಹರಕು ಬಾಯಿಗೆ ಹೆದರಿ ಗಂಡು ಓಡಿಹೋದ ಅಂತ ನೀನು ಹದಿನಾಲ್ಕು ವರ್ಷ ಹೇಳ್ದೆ. ನೆಂಟರ ಮುಂದೆ ಹೇಳ್ದೆ. ಶುಕ್ರವಾರ ದೀಪ ಹಚ್ಚೋವಾಗ ಹೇಳ್ದೆ. ನಾನೂ ನಿಜ ಅಂತ್ಲೇ ನಂಬಿ ಮಾತು ಕಮ್ಮಿ ಮಾಡಿದೆ. ಇವರು ಮೊದಲನೇ ದಿನ ಬಂದಾಗ ನಾನು ಒಳಗೇ ಇದ್ದೆ, ಎಲ್ಲ ಕೇಳಿಸ್ಕೊಂಡೆ. ಒಂದು ವಾರದಿಂದ ಕಾಯ್ತಿದೀನಿ, ನೀನು ಯಾವಾಗ ನನ್ನ ಹತ್ರ ಬರ್ತೀಯ ಅಂತ."

ಸಾಕ್ಷಿಗೆ ಬಂದವರು ನೆಲ ನೋಡಿದರು. ನನ್ನ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಬೈಯಲು ಮಾತ್ರ ನನ್ನನ್ನು ಬಿಟ್ಟರೆ ಇನ್ಯಾರೂ ಉಳಿದಿರಲಿಲ್ಲ.

ಆ ನಾಲ್ವರ ಎದುರೇ ಕೇಳಿದೆ: "ತಪ್ಪಾಯ್ತು ಮಗಳೇ. ಕ್ಷಮಿಸು."

ಜಕಿಯಾಗೆ ಬಾಯಿ ತೆರೆದ ಕೂಡಲೇ ಸಿಕ್ಕಿದ್ದು ನನಗೆ ಸಿಗಲಿಲ್ಲ.

"ಈಗ್ಲೇ ಆಗಲ್ಲ ಅಮ್ಮ," ಎಂದಳು ತಿರ್ಚಾ.